ಗಾಳಿಯ ಹಂಗಾಮು, ಗಿರಣಿಯ ಹಂಗಾಮು

ಪವನ ವಿದ್ಯುತ್ತಿಗೆ ಅನಿಲ ಸ್ಥಾವರದ ಬೆಂಬಲ: ನಮ್ಮ ಭಾಗದ ಉದ್ದಿಮೆದಾರರು ಅರಿಯಬೇಕಾದ ಲೆಕ್ಕ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಉದ್ದಿಮೆಗಳು ಬಹುತೇಕ ಹಂಗಾಮಿನ ಉದ್ದಿಮೆಗಳು. ದೀಪಾವಳಿಯ ಆಸುಪಾಸಿನಲ್ಲಿ ಹತ್ತಿ ಬರತೊಡಗಿದರೆ ಜಿನ್ನಿಂಗ್ ಕಾರ್ಖಾನೆಗಳಿಗೆ ಮಾರ್ಚ್‌ವರೆಗೆ ಬಿಡುವಿಲ್ಲ. ಡಿಸೆಂಬರ್ ಕಳೆಯುತ್ತಿದ್ದಂತೆ ತೊಗರಿ ಮಾರುಕಟ್ಟೆಗೆ ಇಳಿಯುತ್ತದೆ, ದಾಲ್ ಮಿಲ್ಲುಗಳು ಚುರುಕಾಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆ ಹಾಗೂ ಶಹಾಪುರ ಶಾಖಾ ಕಾಲುವೆಯ ಅಚ್ಚುಕಟ್ಟಿನ ಭತ್ತವೂ ಅದೇ ಹೊತ್ತಿಗೆ ಅಕ್ಕಿ ಗಿರಣಿಗಳ ಬಾಗಿಲಿಗೆ ಬರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಈ ಯಂತ್ರಗಳಲ್ಲಿ ಅನೇಕವು ದುರಸ್ತಿಗಾಗಿ ಬಿಚ್ಚಿಕೊಂಡು ಕೂತಿರುತ್ತವೆ.

ಗಾಳಿಗೂ ಒಂದು ಹಂಗಾಮಿದೆ. ಅದು ನಮ್ಮ ಹಂಗಾಮಿಗೆ ನೇರ ವಿರುದ್ಧ. ಕೊಪ್ಪಳ, ಗದಗ, ಬಳ್ಳಾರಿ, ಚಿತ್ರದುರ್ಗ, ವಿಜಯಪುರ ಜಿಲ್ಲೆಗಳ ಪವನಯಂತ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಗಾಳಿಗೆ ಭರದಿಂದ ತಿರುಗುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವುಗಳ ಉತ್ಪಾದನೆ ಬಹಳಷ್ಟು ಇಳಿಯುತ್ತದೆ. ರಾಜ್ಯದಲ್ಲಿ ವಿದ್ಯುತ್ ಹೇರಳವಾಗಿ ದೊರೆಯುವಾಗ ನಮ್ಮ ಗಿರಣಿಗಳಿಗೆ ಅದರ ಅಗತ್ಯ ಕಡಿಮೆ. ನಮಗೆ ತುರ್ತು ಅಗತ್ಯವಿರುವಾಗ ಗಾಳಿ ಬಿಡುವು ಪಡೆದಿರುತ್ತದೆ. ಪವನ ವಿದ್ಯುತ್ತಿಗೆ ಬೆಂಬಲವಾಗಿ ಏನಿರಬೇಕು ಎಂಬ ಪ್ರಶ್ನೆ ಬೆಂಗಳೂರಿನ ಇಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಗಾಳಿಯ ಸ್ವಭಾವ

ಪವನ ವಿದ್ಯುತ್ತಿನ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. 2024-25ನೇ ಆರ್ಥಿಕ ವರ್ಷವೊಂದರಲ್ಲೇ 1,331 ಮೆಗಾವ್ಯಾಟ್ ಹೊಸ ಸಾಮರ್ಥ್ಯವನ್ನು ಸೇರಿಸಿ, ಆ ವರ್ಷ ತಮಿಳುನಾಡು ಮತ್ತು ಗುಜರಾತ್‌ಗಳನ್ನು ಹಿಂದಿಕ್ಕಿ ದೇಶಕ್ಕೇ ಮೊದಲಿಗವಾಯಿತು. ಇಂಧನದ ಖರ್ಚಿಲ್ಲ, ಹೊಗೆಯಿಲ್ಲ, ಯೂನಿಟ್ಟಿನ ದರವೂ ಹೊಸ ಕಲ್ಲಿದ್ದಲು ಸ್ಥಾವರಕ್ಕಿಂತ ಅಗ್ಗ. ದೋಷವೊಂದೇ, ಅದು ಹೇಳಿದಂತೆ ಕೇಳುವುದಿಲ್ಲ.

ಈ ದೋಷ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಸರಳ ಸೂತ್ರವಿದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 10 ಮೀಟರ್ ಇದ್ದ ಗಾಳಿ 8 ಮೀಟರಿಗೆ ತಗ್ಗಿದರೆ ಮೈಮೇಲೆ ನಮಗೆ ವ್ಯತ್ಯಾಸವೇ ತಿಳಿಯಲಿಕ್ಕಿಲ್ಲ. ಆದರೆ ಗಾಳಿಯ ಶಕ್ತಿ ಆಗಲೇ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಸಾವಿರಾರು ಮೆಗಾವ್ಯಾಟ್ ಪವನಯಂತ್ರಗಳಿರುವ ರಾಜ್ಯದಲ್ಲಿ ಸಂಜೆಯ ಒಂದೆರಡು ಗಂಟೆಗಳಲ್ಲಿ ಹೀಗಾದರೆ, ಅದೇ ಹೊತ್ತಿಗೆ ಸೌರ ವಿದ್ಯುತ್ತೂ ಸೂರ್ಯನೊಂದಿಗೆ ಮುಳುಗಿದರೆ, ಆ ಕಂದಕವನ್ನು ಯಾರಾದರೂ ತುಂಬಲೇಬೇಕು.

ವಿದ್ಯುತ್ತನ್ನು ಗೋದಾಮಿನಲ್ಲಿ ಪೇರಿಸಿಡಲು ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಬೇಡಿಕೆ ಮತ್ತು ಉತ್ಪಾದನೆ ಕ್ಷಣಕ್ಷಣಕ್ಕೂ ಸಮವಾಗಿದ್ದರೆ ಮಾತ್ರ ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ನ ಬಳಿ ನಿಲ್ಲುತ್ತದೆ. ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಯಾವ ಸ್ಥಾವರ ಎಷ್ಟು ಕೊಡಬೇಕೆಂದು ಮೊದಲೇ ಪಟ್ಟಿ ಮಾಡುತ್ತದೆ. ಪಟ್ಟಿಗೂ ವಾಸ್ತವಕ್ಕೂ ಅಂತರ ಬಿದ್ದರೆ ದಂಡ ತೆರಬೇಕು. ಆ ದಂಡ ಸುತ್ತಿ ಬಳಸಿ ಕೊನೆಗೆ ಗ್ರಾಹಕನ ಬಿಲ್ಲಿಗೇ ಬರುತ್ತದೆ.

ಕಂದಕ ತುಂಬುವವರು ಯಾರು?

ಇಲ್ಲಿಯವರೆಗೆ ಈ ಕೆಲಸವನ್ನು ಮಾಡುತ್ತ ಬಂದಿರುವುದು ಮಲೆನಾಡಿನ ನದಿಗಳು. ಶರಾವತಿ ಜಲವಿದ್ಯುತ್ ಕೇಂದ್ರದ 1,035 ಮೆಗಾವ್ಯಾಟ್, ಕಾಳಿ ಕಣಿವೆಯ ನಾಗಝರಿಯ ಸುಮಾರು 900, ವಾರಾಹಿಯ 460 ಮೆಗಾವ್ಯಾಟ್ ಸಾಮರ್ಥ್ಯಗಳು ಕೆಲವೇ ನಿಮಿಷಗಳಲ್ಲಿ ಏರಬಲ್ಲವು, ಇಳಿಯಬಲ್ಲವು. ಪವನ ವಿದ್ಯುತ್ತಿಗೆ ಇದಕ್ಕಿಂತ ಉತ್ತಮ ಜೊತೆಗಾರನಿಲ್ಲ. ನಮ್ಮ ಮೇಲ್ಭಾಗದ ಆಲಮಟ್ಟಿಯಲ್ಲೂ 290 ಮೆಗಾವ್ಯಾಟ್ ಸ್ಥಾವರವಿದೆಯಲ್ಲ ಎಂದು ಕೆಲವರು ಕೇಳಬಹುದು. ಆದರೆ ಆಲಮಟ್ಟಿಯ ನೀರು ಹರಿಯುವುದು ನೀರಾವರಿಯ ವೇಳಾಪಟ್ಟಿಯಂತೆಯೇ ಹೊರತು ಗಾಳಿಯ ಏರಿಳಿತವನ್ನು ನೋಡಿಕೊಂಡಲ್ಲ. ಹಾಗೆ ಹರಿಯುವುದೂ ತಪ್ಪು, ಏಕೆಂದರೆ ನಾರಾಯಣಪುರದ ಕಾಲುವೆಗಳ ಭತ್ತ ಬದುಕಿರುವುದೇ ಆ ನೀರಿನ ಮೇಲೆ.

ಜಲವಿದ್ಯುತ್ತಿನ ತೊಂದರೆ 2023ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಮುಂಗಾರು ಕೈಕೊಟ್ಟಿತು, ಲಿಂಗನಮಕ್ಕಿ ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯಿಲ್ಲದ ಕಾರಣ ಪಂಪ್‌ಸೆಟ್ಟುಗಳ ಬೇಡಿಕೆ ಮಳೆಗಾಲದಲ್ಲೇ ಏರಿತು. ಅಕ್ಟೋಬರ್ ಹೊತ್ತಿಗೆ ಪಂಪ್‌ಸೆಟ್ಟುಗಳ 7 ಗಂಟೆಯ ತ್ರೀಫೇಸ್ ಪೂರೈಕೆ 5 ಗಂಟೆಗೆ ಇಳಿಯಿತು. ಸರ್ಕಾರ 2003ರ ವಿದ್ಯುಚ್ಛಕ್ತಿ ಕಾಯಿದೆಯ 11ನೇ ಕಲಮಿನ ಅಧಿಕಾರ ಬಳಸಿ, ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯದ ಗ್ರಿಡ್ಡಿಗೇ ಕೊಡಬೇಕೆಂದು ಆದೇಶಿಸಿತು. ಪಂಜಾಬ್ ಹಾಗೂ ಉತ್ತರ ಪ್ರದೇಶಗಳಿಂದ ವಿದ್ಯುತ್ತನ್ನು ಕೈಗಡ ತಂದು, ಮುಂದಿನ ಮಳೆಗಾಲದಲ್ಲಿ ಹಿಂದಿರುಗಿಸುವ ಒಪ್ಪಂದವಾಯಿತು. ಈ ಕೈಗಡದ ವ್ಯವಸ್ಥೆ ಜಾಣತನದ್ದೇ ಸರಿ. ನಮ್ಮಲ್ಲಿ ಗಾಳಿ ಬೀಸುವಾಗ ಅವರಲ್ಲಿ ಭತ್ತದ ನಾಟಿ ಮತ್ತು ಸೆಖೆ; ಅವರಿಗೆ ಚಳಿ ಹಿಡಿದಾಗ ನಮಗೆ ಕೊರತೆ. ಆದರೆ ಕೈಗಡ ಕೊಡುವವರ ಅನುಕೂಲವನ್ನು ನಂಬಿ ಇಡೀ ಹಂಗಾಮಿನ ಆರ್ಡರು ಹಿಡಿಯಲು ಯಾವ ವರ್ತಕನಿಗೆ ಧೈರ್ಯ ಬಂದೀತು?

ಇನ್ನು ಕಲ್ಲಿದ್ದಲು. ನೆರೆಯ ರಾಯಚೂರು ಜಿಲ್ಲೆಯ ಕೃಷ್ಣಾ ತೀರದಲ್ಲಿ 1985ರಿಂದ ಉತ್ಪಾದನೆ ನಡೆಸುತ್ತ ಬಂದ ಶಕ್ತಿನಗರದ ಉಷ್ಣ ಸ್ಥಾವರ 1,720 ಮೆಗಾವ್ಯಾಟ್‌ವರೆಗೆ ಬೆಳೆಯಿತು. ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಘಟಕಗಳಿವೆ. ಇವು ಗ್ರಿಡ್ಡಿನ ಬೆನ್ನೆಲುಬು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ತಣ್ಣಗಾದ ಕಲ್ಲಿದ್ದಲು ಬಾಯ್ಲರನ್ನು ಮತ್ತೆ ಹೊತ್ತಿಸಿ ಪೂರ್ಣ ಭಾರಕ್ಕೆ ತರಲು ಹಲವು ಗಂಟೆಗಳೇ ಬೇಕು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ನಿಯಮಗಳು ಕಲ್ಲಿದ್ದಲು ಘಟಕಗಳು ಸಾಮರ್ಥ್ಯದ ಶೇ. 55ರವರೆಗೆ, ಹಂತಹಂತವಾಗಿ ಶೇ. 40ರವರೆಗೆ ಇಳಿದು ನಡೆಯುವಂತಾಗಬೇಕೆಂದು ವಿಧಿಸಿವೆ. ಹೊಸ ಘಟಕಗಳಿಗೆ ಇದು ಸಾಧ್ಯವಾದೀತು. ನಾಲ್ಕು ದಶಕ ದುಡಿದ ಹಳೆಯ ಬಾಯ್ಲರುಗಳನ್ನು ದಿನಕ್ಕೆರಡು ಬಾರಿ ಏರಿಸಿ ಇಳಿಸುವುದೆಂದರೆ ಮುದಿ ಎತ್ತನ್ನು ಓಟದ ಗಾಡಿಗೆ ಹೂಡಿದ ಹಾಗೆ.

ಈ ಹಿನ್ನೆಲೆಯಲ್ಲಿ ಅನಿಲದ ಮಾತು ಬರುತ್ತದೆ.

ಯಲಹಂಕದ ಸ್ಥಾವರ

ಅನಿಲ ವಿದ್ಯುತ್ ಕರ್ನಾಟಕದ ಕೈಗೆ ಸಿಕ್ಕಿಯೂ ಸಿಗದಂತೆ ಬಹಳ ಕಾಲ ಸತಾಯಿಸಿತು. ಬಿಡದಿಯ ಅನಿಲ ಯೋಜನೆ ವರ್ಷಗಟ್ಟಲೆ ಕಾಗದದ ಮೇಲೇ ಉಳಿಯಿತು. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ದೋಣಿಯ ಮೇಲೆ ನಿರ್ಮಿಸಿದ 220 ಮೆಗಾವ್ಯಾಟಿನ ನಾಫ್ತಾ ಸ್ಥಾವರ ಆರಂಭವಾಯಿತು. ನಾಫ್ತಾದ ಬೆಲೆ ತಾಳಲಾರದೆ, ಕೃಷ್ಣಾ-ಗೋದಾವರಿ ಕೊಳ್ಳದ ಅನಿಲವನ್ನು ನೆಚ್ಚಿ ಅದು ಮುಂದೆ ಕಾಕಿನಾಡದತ್ತ ತೇಲಿಹೋಯಿತು. ಅಲ್ಲಿಯೂ ನೆಮ್ಮದಿ ಸಿಗಲಿಲ್ಲ. ಆ ಕೊಳ್ಳದ ಡಿ-6 ಕ್ಷೇತ್ರದಲ್ಲಿ 2009ರಲ್ಲಿ ಆರಂಭವಾದ ಉತ್ಪಾದನೆ ಕೆಲವೇ ವರ್ಷಗಳಲ್ಲಿ ಕುಸಿದು, 2013ರ ಹೊತ್ತಿಗೆ ಆಂಧ್ರದ ಅನೇಕ ಅನಿಲ ಸ್ಥಾವರಗಳು ಇಂಧನವಿಲ್ಲದೆ ನಿಂತವು. ದೇಶದಲ್ಲಿ ಸುಮಾರು 25,000 ಮೆಗಾವ್ಯಾಟ್ ಅನಿಲ ಸಾಮರ್ಥ್ಯವಿದ್ದರೂ ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಶೇ. 2ರ ಆಸುಪಾಸಿಗೆ ಇಳಿದದ್ದು ಈ ಕಾರಣದಿಂದಲೇ. ಪೂರೈಕೆಯ ಖಾತ್ರಿಯಿಲ್ಲದೆ ಯಂತ್ರ ಕೊಂಡವರ ಕಥೆ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಾಭೋಲ್-ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಬಂದ ಮೇಲೆ ಚಿತ್ರ ಬದಲಾಯಿತು. ಕರ್ನಾಟಕ ವಿದ್ಯುತ್ ನಿಗಮವು ಯಲಹಂಕದಲ್ಲಿ, 1990ರ ದಶಕದ ತನ್ನ ಡೀಸೆಲ್ ವಿದ್ಯುತ್ ಕೇಂದ್ರದ ಆವರಣದಲ್ಲಿ, 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ಸ್ಥಾವರವನ್ನು ಕೈಗೆತ್ತಿಕೊಂಡಿತು. 2020ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಚಾಲನೆಯ ವೇಳೆ ಸಂಭವಿಸಿದ ಬೆಂಕಿ ಅವಘಡವೂ ಸೇರಿದಂತೆ ಅನೇಕ ಅಡೆತಡೆಗಳ ನಂತರ ಅದು ಉದ್ಘಾಟನೆಗೊಂಡದ್ದು 2024ರಲ್ಲಿ. ಬರದ ವರ್ಷದ ಅತ್ಯಂತ ಕಠಿಣ ತಿಂಗಳುಗಳಿಗೆ ಅದು ಒದಗಲಿಲ್ಲ.

ಈ ಸ್ಥಾವರ ‘ಸಂಯುಕ್ತ ಆವರ್ತ’ದ್ದು. ಅನಿಲ ಟರ್ಬೈನಿನಿಂದ ಹೊರಬರುವ ಬಿಸಿಯನ್ನು ವ್ಯರ್ಥ ಮಾಡದೆ, ಅದರಿಂದ ಹಬೆ ತಯಾರಿಸಿ ಎರಡನೆಯ ಟರ್ಬೈನನ್ನು ತಿರುಗಿಸಲಾಗುತ್ತದೆ. ಇಂಧನದ ಮಿತವ್ಯಯದ ದೃಷ್ಟಿಯಿಂದ ಇದು ಶ್ರೇಷ್ಠ ವಿಧಾನ. ಆದರೆ ಹಬೆಯ ಭಾಗ ಬೆಚ್ಚಗಾಗಲು ಸಮಯ ಬೇಕು. ಅನಿಲ ಟರ್ಬೈನನ್ನು ಒಂಟಿಯಾಗಿ ನಡೆಸುವ ಸ್ಥಾವರಗಳು ಅರ್ಧ ಗಂಟೆಯೊಳಗೆ ಪೂರ್ಣ ಭಾರಕ್ಕೆ ಬರಬಲ್ಲವು, ಇಂಧನ ಮಾತ್ರ ಹೆಚ್ಚು ನುಂಗುತ್ತವೆ. ಮೂರನೆಯ ಬಗೆ ಅನಿಲ ಇಂಜಿನ್ನುಗಳದು. ನಮ್ಮ ಡೀಸೆಲ್ ಜನರೇಟರಿನ ದೊಡ್ಡಣ್ಣ ಎನ್ನಬಹುದಾದ ಇವನ್ನು ಸಾಲಾಗಿ ನಿಲ್ಲಿಸಿ, ಬೇಕಾದಷ್ಟನ್ನು ಮಾತ್ರ ಚಾಲೂ ಮಾಡಬಹುದು. 2016ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿಗೆ ಪ್ರಸರಣ ಗೋಪುರಗಳು ಉರುಳಿ, ಪವನ ಕ್ಷೇತ್ರಗಳೂ ಸಂಪರ್ಕ ಕಡಿದುಕೊಂಡು, ಇಡೀ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಕತ್ತಲಾದದ್ದನ್ನು ಓದುಗರು ಕೇಳಿರಬಹುದು. ಗಾಳಿಯನ್ನು ಬಹುವಾಗಿ ನೆಚ್ಚಿದ ಅದೇ ರಾಜ್ಯದಲ್ಲಿ 2019ರಲ್ಲಿ ಬಾರ್ಕರ್ ಇನ್ಲೆಟ್ ಎಂಬಲ್ಲಿ 12 ಇಂಜಿನ್ನುಗಳ, ಸುಮಾರು 210 ಮೆಗಾವ್ಯಾಟಿನ ಅನಿಲ ಸ್ಥಾವರ ಚಾಲನೆಗೆ ಬಂತು. ಐದು ನಿಮಿಷದಲ್ಲಿ ಅದು ಪೂರ್ಣ ಸಾಮರ್ಥ್ಯ ಮುಟ್ಟುತ್ತದೆ. ಕೊಳವೆ ಮಾರ್ಗದ ಸಮೀಪ, ಪವನ ಕ್ಷೇತ್ರಗಳ ಮಡಿಲಲ್ಲೇ ಇರುವ ಚಿತ್ರದುರ್ಗ, ದಾವಣಗೆರೆಯಂಥ ಕಡೆ ಇಂಥದೊಂದನ್ನು ಯೋಚಿಸಲು ಅವಕಾಶವಿದೆ.

ದುಬಾರಿ ಎಂದರೆ ಎಷ್ಟು ದುಬಾರಿ?

ಅನಿಲ ವಿದ್ಯುತ್ ತುಟ್ಟಿ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಮಾತು ಸುಳ್ಳಲ್ಲ, ಆದರೆ ಯಾವುದಕ್ಕೆ ಹೋಲಿಸಿ ಎಂಬುದು ಮುಖ್ಯ.

ಅನಿಲವನ್ನು ಅಳೆಯುವುದು ಎಂಎಂಬಿಟಿಯು ಎಂಬ ಉಷ್ಣದ ಮಾನದಲ್ಲಿ. ಒಂದು ಎಂಎಂಬಿಟಿಯು ಎಂದರೆ ಸುಮಾರು 2,52,000 ಕಿಲೋ ಕ್ಯಾಲೊರಿ. ಒಂದು ಯೂನಿಟ್ ತಯಾರಿಸಲು ಒಳ್ಳೆಯ ಸಂಯುಕ್ತ ಆವರ್ತ ಸ್ಥಾವರ 1,850 ಕಿಲೋ ಕ್ಯಾಲೊರಿ ಬಳಸುತ್ತದೆಂದು ಹಿಡಿದರೆ 136 ಯೂನಿಟ್ ದೊರೆಯುತ್ತದೆ. ಒಂಟಿ ಟರ್ಬೈನಿಗೆ 2,500 ಎಂದು ಹಿಡಿದರೆ ಸುಮಾರು 100 ಯೂನಿಟ್. ಆಮದು ಅನಿಲ ಸ್ಥಾವರದ ಬಾಗಿಲಿಗೆ ಎಂಎಂಬಿಟಿಯು ಒಂದಕ್ಕೆ 1,000 ರೂಪಾಯಿಗೆ ಬಂತೆನ್ನೋಣ. ಆಗ ಇಂಧನದ ವೆಚ್ಚವೇ ಯೂನಿಟ್ಟಿಗೆ ಮೊದಲನೆಯದರಲ್ಲಿ 7 ರೂಪಾಯಿ 35 ಪೈಸೆ, ಎರಡನೆಯದರಲ್ಲಿ 10 ರೂಪಾಯಿ. ಗಾಳಿಯ ಯೂನಿಟ್ಟಿನ ಪಕ್ಕದಲ್ಲಿಟ್ಟು ನೋಡಿದರೆ ಇದು ನಿಸ್ಸಂಶಯವಾಗಿ ದುಬಾರಿ.

ಈಗ ನಮ್ಮದೇ ಹಿತ್ತಲಿನ ಲೆಕ್ಕ ನೋಡೋಣ. ಜಿನ್ನಿಂಗ್ ಕಾರ್ಖಾನೆಯಲ್ಲಿ ಕರೆಂಟು ಹೋದಾಗ ಚಾಲೂ ಮಾಡುವ ಡೀಸೆಲ್ ಜನರೇಟರು ಲೀಟರಿಗೆ ಮೂರು, ಮೂರೂಕಾಲು ಯೂನಿಟ್ ಕೊಡುತ್ತದೆ. 100 ಕಿಲೋವ್ಯಾಟ್ ಭಾರವನ್ನು ಎರಡು ಗಂಟೆ ನಡೆಸಲು 60 ಲೀಟರಿಗಿಂತ ಕಡಿಮೆ ಸಾಲದು. ಲೀಟರಿಗೆ 90 ರೂಪಾಯಿ ಎಂದರೆ 5,400 ರೂಪಾಯಿ, ಯೂನಿಟ್ಟಿಗೆ 27 ರೂಪಾಯಿ! ಆಯಿಲು, ಫಿಲ್ಟರು, ದುರಸ್ತಿ ಬೇರೆ. ಗಾಳಿಗೆ ಬೆಂಬಲ ಕೊಡುವ ಭಾರವನ್ನು ರಾಜ್ಯ ಹೊರದಿದ್ದಾಗ ಅದನ್ನು ಹೊರುತ್ತಿರುವವನು ಶಹಾಪುರದ ಗಿರಣಿ ಮಾಲೀಕ, ಅದೂ ಅತ್ಯಂತ ದುಬಾರಿ ಇಂಧನದಿಂದ. ಈ ಖರ್ಚು ಯಾವ ಸರ್ಕಾರಿ ಅಂಕಿ-ಅಂಶದಲ್ಲೂ ಕಾಣಿಸುವುದಿಲ್ಲ.

ಒಂದು ಎಚ್ಚರಿಕೆಯ ಮಾತು ಇಲ್ಲಿಯೇ ಹೇಳುವುದೊಳಿತು. ನಮ್ಮ ಭಾಗದಲ್ಲಿ ಕರೆಂಟು ಹೋಗುವುದೆಲ್ಲ ಉತ್ಪಾದನೆಯ ಕೊರತೆಯಿಂದಲ್ಲ. ಫೀಡರಿನ ದೋಷ, ಟ್ರಾನ್ಸ್‌ಫಾರ್ಮರ್ ಸುಡುವುದು, ಜೋತುಬಿದ್ದ ತಂತಿ, ಇವುಗಳಿಗೆ ಯಲಹಂಕದಲ್ಲಿ ಎಷ್ಟು ಅನಿಲ ಉರಿಸಿದರೂ ಪರಿಹಾರವಿಲ್ಲ. ಜೆಸ್ಕಾಂ ಮುಂದೆ ಆ ಬೇಡಿಕೆಯನ್ನು ಪ್ರತ್ಯೇಕವಾಗಿಯೇ ಇಡಬೇಕು.

ಹೊರಗಿನ ಮಾರುಕಟ್ಟೆಯಿಂದ ಕೊಂಡರಾಯಿತಲ್ಲ ಎಂಬ ವಾದವೂ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಂದಿಗೆ ಬೆಸೆದುಕೊಂಡಿತು. ಅದು ನಮ್ಮ ನೆರೆಯಲ್ಲೇ ನಡೆದ ಐತಿಹಾಸಿಕ ಕಾರ್ಯ. ಅಂದಿನಿಂದ ಗುಜರಾತಿನ ವಿದ್ಯುತ್ತೂ ನಮಗೆ ದಕ್ಕುತ್ತದೆ. ಆದರೆ ಸಂಜೆಯ ಹೊತ್ತು ಎಲ್ಲ ರಾಜ್ಯಗಳೂ ಒಟ್ಟಿಗೇ ಕೊಳ್ಳಲು ನಿಲ್ಲುತ್ತವೆ. ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಯೂನಿಟ್ಟಿಗೆ 10 ರೂಪಾಯಿಯ ಗರಿಷ್ಠ ಮಿತಿಯನ್ನು ಕೇಂದ್ರ ಆಯೋಗ 2023ರಲ್ಲಿ ವಿಧಿಸಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ಮಿತಿಯ ದರ ಕೊಡಲು ಸಿದ್ಧರಿದ್ದರೂ ಮಾಲು ಸಿಗದ ಸಂಜೆಗಳುಂಟು. ಅಂಥ ಸಂಜೆಯಲ್ಲಿ ಅನಿಲದ ಯೂನಿಟ್ ದುಬಾರಿ ಎನಿಸುವುದಿಲ್ಲ.

ನಡೆದದ್ದಕ್ಕೆ ಹಣವೋ, ನಿಂತದ್ದಕ್ಕೆ ಹಣವೋ?

ನಿಜವಾದ ಗಂಟು ಇರುವುದು ಒಪ್ಪಂದದಲ್ಲಿ. 370 ಮೆಗಾವ್ಯಾಟಿನ ಸ್ಥಾವರ ವರ್ಷವಿಡೀ ಶೇ. 85ರ ಪ್ರಮಾಣದಲ್ಲಿ ನಡೆದರೆ ಸುಮಾರು 275 ಕೋಟಿ ಯೂನಿಟ್ ತಯಾರಾಗುತ್ತದೆ. ಗಾಳಿ ನಿಂತ ಸಂಜೆಗಳಿಗೆ ಮಾತ್ರ ಎಂದು ಸಾವಿರ ಗಂಟೆ ನಡೆಸಿದರೆ 37 ಕೋಟಿ ಯೂನಿಟ್. ಸಾಲದ ಬಡ್ಡಿ, ಸಂಬಳ, ಸವಕಳಿಗಳಂಥ ಸ್ಥಿರ ವೆಚ್ಚದ ಪ್ರತಿ 100 ಕೋಟಿ ರೂಪಾಯಿ ಮೊದಲ ಬಗೆಯಲ್ಲಿ ಯೂನಿಟ್ಟಿಗೆ 36 ಪೈಸೆಯಾದರೆ ಎರಡನೆಯ ಬಗೆಯಲ್ಲಿ 2 ರೂಪಾಯಿ 70 ಪೈಸೆಯಾಗುತ್ತದೆ. ಈ ಅಂಕಿ ಹಿಡಿದು “ಯಲಹಂಕದ ವಿದ್ಯುತ್ ಯಾರಿಗೂ ಬೇಡವಾದ ವಿದ್ಯುತ್” ಎನ್ನುವವರಿದ್ದಾರೆ. ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ರಾಜ್ಯ ವರ್ಷಕ್ಕೆ ಬಳಸುವ ವಿದ್ಯುತ್ ಸುಮಾರು 9,000 ಕೋಟಿ ಯೂನಿಟ್ಟಿನಷ್ಟು. ಅದರ ಮೇಲೆ ಹರಡಿದರೆ ಅದೇ 100 ಕೋಟಿ ರೂಪಾಯಿ ಯೂನಿಟ್ಟಿಗೆ ಒಂದು ಪೈಸೆಯ ಆಸುಪಾಸು. ಗೋದಾಮಿಗೆ ಬೆಂಕಿ ಬೀಳಲಿಲ್ಲವೆಂದು ವಿಮೆಯ ಕಂತು ದಂಡವಾಯಿತೆಂದು ಯಾವ ವರ್ತಕನೂ ಹೇಳುವುದಿಲ್ಲವಷ್ಟೆ.

ವ್ಯತಿರಿಕ್ತ ಅಪಾಯವೂ ಅಷ್ಟೇ ನಿಜ. ಸ್ಥಿರ ವೆಚ್ಚ ‘ವಸೂಲು’ ಮಾಡುವ ನೆಪದಲ್ಲಿ ಇಂಥ ಸ್ಥಾವರವನ್ನು ಹಗಲೂ ರಾತ್ರಿ ನಡೆಸಿದರೆ, ಜುಲೈ ತಿಂಗಳಲ್ಲಿ ಗಾಳಿ ಭೋರ್ಗರೆಯುವಾಗಲೂ ಆಮದು ಅನಿಲ ಉರಿಸಿದರೆ, ಅದು ಶುದ್ಧ ನಷ್ಟ. ಅನಿಲ ಖರೀದಿಯ ವಾಡಿಕೆ ಇದಕ್ಕೆ ಇಂಬು ಕೊಡುತ್ತದೆ. ದೀರ್ಘಾವಧಿ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ‘ಎತ್ತಿದರೂ ಎತ್ತದಿದ್ದರೂ ಹಣ ಕೊಡು’ ಎಂಬ ಷರತ್ತಿರುತ್ತದೆ, ದಿನದಿನದ ಬೇಡಿಕೆಯನ್ನು ಮುಂಚಿತವಾಗಿ ತಿಳಿಸಬೇಕಾಗುತ್ತದೆ. ಯಂತ್ರ ಬಾಗಬಲ್ಲದಾದರೂ ಇಂಧನದ ಕರಾರು ಬಾಗದಿದ್ದರೆ ಪ್ರಯೋಜನವೇನು? 2020ರಲ್ಲಿ ಆರಂಭವಾದ ಭಾರತೀಯ ಅನಿಲ ವಿನಿಮಯ ಕೇಂದ್ರ ಅಲ್ಪಾವಧಿ ಖರೀದಿಗೆ ಒಂದು ದಾರಿ ತೆರೆದಿದೆ. ಆದರೆ ಅಲ್ಪಾವಧಿ ಬೆಲೆ ಎಂಥ ಹುಚ್ಚುಕುದುರೆ ಎಂಬುದನ್ನು 2022ರಲ್ಲಿ, ಉಕ್ರೇನ್ ಯುದ್ಧದ ವೇಳೆ, ಜಗತ್ತೇ ಕಂಡಿತು. ನೈಸರ್ಗಿಕ ಅನಿಲವನ್ನು ಜಿ.ಎಸ್.ಟಿ. ಹೊರಗಿಟ್ಟದ್ದರಿಂದ ಅದರ ಮೇಲಿನ ವ್ಯಾಟ್‌ಗೆ ಹುಟ್ಟುವಳಿ ತೆರಿಗೆಯ ಜಮೆ ಸಿಗುವುದಿಲ್ಲವೆಂಬುದು ಇನ್ನೊಂದು ತೊಡಕು.

ಆದುದರಿಂದ ಈ ಲೇಖಕನ ಅಭಿಪ್ರಾಯದಲ್ಲಿ ಅನಿಲಕ್ಕೆ ಕೊಡಬೇಕಾದದ್ದು ಕಾವಲುಗಾರನ ಕೆಲಸ ಮಾತ್ರ. ಮೊದಲು ಮಲೆನಾಡಿನ ಜಲಾಶಯಗಳು. ಎರಡು-ನಾಲ್ಕು ಗಂಟೆಯ ಸಂಜೆಯ ಕಂದಕಕ್ಕೆ, ಬೆಲೆ ಇಳಿಯುತ್ತಿರುವ ದೊಡ್ಡ ಬ್ಯಾಟರಿಗಳು. ಇವೆರಡೂ ಸಾಲದ ಕಡೆ, ಅಂದರೆ ಗಾಳಿ ದಿನಗಟ್ಟಲೆ ಮಲಗಿದಾಗ, ಬರದ ವರ್ಷದಲ್ಲಿ ಜಲಾಶಯ ತಳ ಕಂಡಾಗ, ಅನಿಲ. ಬ್ಯಾಟರಿ ತಾನೇ ವಿದ್ಯುತ್ ತಯಾರಿಸುವುದಿಲ್ಲ, ತುಂಬಿಸಿದ್ದನ್ನು ಕೊಡುತ್ತದೆ, ಅಷ್ಟೆ. ಶರಾವತಿ ಕಣಿವೆಯಲ್ಲಿ ಯೋಚಿಸಿರುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೂ ಇದೇ ಮಿತಿ. ಅರಣ್ಯದ ಪ್ರಶ್ನೆ ಅದರ ಮೇಲೆ.

ಸ್ವಂತಕ್ಕೆ ಪವನ ವಿದ್ಯುತ್ ಕೊಳ್ಳುವ ನಮ್ಮ ಕೆಲವು ಉದ್ದಿಮೆದಾರರು ‘ಬ್ಯಾಂಕಿಂಗ್’ ಸೌಲಭ್ಯ ಇರುವಾಗ ಇದೆಲ್ಲ ಏಕೆ ಎನ್ನುವುದುಂಟು. ಜುಲೈನ ಯೂನಿಟ್ಟನ್ನು ಜನವರಿಯಲ್ಲಿ ಬಳಸುವ ಆ ಸೌಲಭ್ಯ ಪುಸ್ತಕದ ಮೇಲಿನ ಜಮಾ-ಖರ್ಚು. ಜನವರಿಯಲ್ಲಿ ಬರುವ ಯೂನಿಟ್ಟನ್ನು ಯಾರೋ ಆಗಲೇ ಹೊಸದಾಗಿ ತಯಾರಿಸಿರುತ್ತಾರೆ. ವಿತರಣಾ ಕಂಪನಿಗಳು ಇದನ್ನು ಬಿಗಿಗೊಳಿಸಲು ಯತ್ನಿಸಿದ್ದು, 2022ರ ಕೇಂದ್ರ ನಿಯಮಗಳು ತಿಂಗಳ ಲೆಕ್ಕದ ಕಡೆ ವಾಲಿದ್ದು, 2024ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟು ಆ ನಿಯಮಗಳನ್ನು ರದ್ದುಪಡಿಸಿದ್ದು, ಎಲ್ಲದರ ಹಿಂದೆ ಇರುವುದು ಈ ಒಂದೇ ಜಗಳ: ಕಾವಲಿನ ಖರ್ಚು ಯಾರದು?

ವಿಚಾರಣೆಗೆ ಹೋಗುವಾಗ

2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿದಾಗ ರಾಜ್ಯದ ವಾಣಿಜ್ಯ ಸಂಸ್ಥೆಗಳು ಬೀದಿಗಿಳಿದವು. ಜೂನ್ 22ರಂದು ಹುಬ್ಬಳ್ಳಿಯ ಸಂಸ್ಥೆಯ ಕರೆಯಂತೆ ಬಂದ್ ನಡೆಯಿತು. ಪ್ರತಿಭಟನೆ ತಪ್ಪಲ್ಲ. ಆದರೆ ಆಯೋಗದ ಬಹಿರಂಗ ವಿಚಾರಣೆಯಲ್ಲಿ ‘ದರ ಇಳಿಸಿ’ ಎಂಬುದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ನಮಗಿದೆ. ಯಲಹಂಕ ಸ್ಥಾವರ ಯಾವ ತಿಂಗಳಲ್ಲಿ ಎಷ್ಟು ಗಂಟೆ ನಡೆಯಿತು, ಸಂಜೆಯಲ್ಲೋ ಹಗಲಲ್ಲೋ, ಅನಿಲ ಕರಾರಿನಲ್ಲಿ ಎತ್ತದಿದ್ದಕ್ಕೆ ಕೊಟ್ಟ ಹಣ ಎಷ್ಟು, ನವೆಂಬರ್‌ನಿಂದ ಮಾರ್ಚ್‌ವರೆಗೆ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಯ ಪ್ರದೇಶದಲ್ಲಿ ಉದ್ದಿಮೆಗಳಿಗೆ ಕಡಿತವಾದ ಗಂಟೆಗಳಲ್ಲಿ ಉತ್ಪಾದನೆಯ ಕೊರತೆಯ ಪಾಲು ಎಷ್ಟು, ಮಾರ್ಗದೋಷದ ಪಾಲು ಎಷ್ಟು, ಇವನ್ನು ಬಿಡಿಬಿಡಿಯಾಗಿ ಪ್ರಕಟಿಸಿರೆಂದು ಕೇಳಬೇಕು.

ಹಾಗೆ ಕೇಳುವಾಗ ನಮ್ಮ ಕೈಯಲ್ಲೂ ಅಂಕಿಗಳಿರಬೇಕು. ಪ್ರತಿಯೊಂದು ಜಿನ್ನಿಂಗ್ ಕಾರ್ಖಾನೆ, ದಾಲ್ ಮಿಲ್, ಅಕ್ಕಿ ಗಿರಣಿ, ಕಡೇಚೂರಿನ ಪ್ರತಿಯೊಂದು ಘಟಕವೂ ಜನರೇಟರಿನ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿ, ಕರೆಂಟು ಹೋದ ವೇಳೆ, ಬಂದ ವೇಳೆ, ಉರಿದ ಡೀಸೆಲ್, ಆ ಹೊತ್ತು ಯಂತ್ರದೊಳಗೆ ಸಿಕ್ಕಿಕೊಂಡ ಮಾಲಿನ ನಷ್ಟ, ಇಷ್ಟನ್ನು ಬರೆದಿಟ್ಟರೆ ಸಾಕು. ಹತ್ತಿಯ ಹಂಗಾಮು ತೆರೆಯುವ ಮೊದಲೇ ಆರಂಭಿಸಿದರೆ, ಮಾರ್ಚ್ ಮುಗಿಯುವ ಹೊತ್ತಿಗೆ ಮೂರೂ ತಾಲ್ಲೂಕುಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಆಯೋಗದ ಮುಂದಿಡಬಹುದು.